ನನ್ನ ಮಂಕರಿಯಲ್ಲಿ ಕಳೆದುಹೋದ ಮರ

ಕಂಪ್ಯೂಟರು ಮೂರು ತಿಂಗಳ ಮಟ್ಟಿಗೆ ಮಾತ್ರ ಎಂದು ಸಂಘದ ಕಾರ್ಯದರ್ಶಿಗಳು ಮೊದಲ ದಿನವೇ ಹೇಳಿದ್ದರು. ನಾನು ಹೂಂಗುಟ್ಟಿದ್ದೆ. ಅಜ್ಜಿಮನೆಗೆ ಬಂದ ಮಗು ವಾಪಸು ಹೊರಡುವ ಬಸ್ಸಿನ ಮಾತನ್ನು ಎಷ್ಟು ಕಿವಿಗೆ ಹಾಕಿಕೊಳ್ಳುತ್ತದೋ ಅಷ್ಟೇ ಹಾಕಿಕೊಂಡಿದ್ದೆ.

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆ ಅದು. ತಿಪಟೂರಿನ ಕಾಲೇಜೊಂದರಲ್ಲಿ ನಾನು ಗಣಿತ ಕಲಿಸುತ್ತಿದ್ದೆ. ಅದಕ್ಕೂ ಎರಡು ವರ್ಷ ಮೊದಲು ಬೆಂಗಳೂರಿನಲ್ಲಿ ಅಧ್ಯಾಪಕರಿಗೆಂದು ಆರು ವಾರದ ಕಂಪ್ಯೂಟರ್ ತರಬೇತಿ ನಡೆದಿತ್ತು. ಅಲ್ಲಿಂದ ಬಂದ ಮೇಲೆ ನನಗೆ ಯಂತ್ರವಿಲ್ಲದೆ ಪ್ರೋಗ್ರಾಂ ಬರೆಯುವ ಹುಚ್ಚು ಹಿಡಿಯಿತು. ನೋಟ್‌ಬುಕ್ಕಿನ ಎಡಪುಟದಲ್ಲಿ ಪ್ರೋಗ್ರಾಂ ಬರೆಯುವುದು, ಬಲಪುಟದಲ್ಲಿ ನಾನೇ ಕಂಪ್ಯೂಟರಾಗಿ ಅದನ್ನು ಸಾಲುಸಾಲಾಗಿ ನಡೆಸಿ ಪೆನ್ಸಿಲ್ಲಿನಲ್ಲಿ ಉತ್ತರ ಬರೆಯುವುದು. ತರಬೇತಿಯಲ್ಲಿ ಪರಿಚಯವಾದ ಗೆಳತಿಯೊಬ್ಬಳು ಸಿ ಪ್ಲಸ್ ಪ್ಲಸ್ ಎಂಬ ಹೊಸ ಭಾಷೆಯ ಕಂಪೈಲರನ್ನು ನಾಲ್ಕು ಫ್ಲಾಪಿಗಳಲ್ಲಿ ತುಂಬಿ ಅಂಚೆಯಲ್ಲಿ ಕಳಿಸಿದಳು. ಜೊತೆಗೆ ಜೆರಾಕ್ಸ್ ಮಾಡಿಸಿದ ಒಂದು ಪುಸ್ತಕ. ಪುಸ್ತಕವನ್ನು ಓದಿ ಓದಿ ಹಾಳೆಗಳು ಕಿತ್ತುಬಂದವು. ಫ್ಲಾಪಿಗಳು ಮಾತ್ರ ಬೀರುವಿನಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗೆ ಒಂದು ವರ್ಷ ಸುಮ್ಮನೆ ಮಲಗಿದ್ದವು. ಆಗಾಗ ತೆಗೆದು ನೋಡಿ ಮತ್ತೆ ಇಡುತ್ತಿದ್ದೆ. ಮನೆಯವರು ನೋಡಿ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಅಷ್ಟು ಬೇಕಾಗಿತ್ತು ನನಗೆ ಆ ಯಂತ್ರ.

ಹಾಗಿರುವಾಗ ಊರಿನ ತೆಂಗು ಬೆಳೆಗಾರರ ಸಂಘವೊಂದಕ್ಕೆ ಬೆಂಗಳೂರಿನ ಕಚೇರಿಯೊಂದು ಪ್ರಯೋಗಕ್ಕೆಂದು ಒಂದು ಕಂಪ್ಯೂಟರನ್ನೂ ಒಂದು ಪ್ರಿಂಟರನ್ನೂ ಕಳಿಸಿತು. ನಡೆಸುವವರು ಯಾರೂ ಇರಲಿಲ್ಲ. ಸಂಘದ ಕಾರ್ಯದರ್ಶಿಗಳು ಸ್ಟಾಫ್ ರೂಮಿಗೇ ಬಂದರು.

"ಮೇಡಂ, ನಿಮಗೆ ಅದು ಬತ್ತದಂತಲ್ಲ?"

"ಬರುತ್ತೆ."

"ರಜದಲ್ಲಿ ಒಸಿ ಬಂದು ನೋಡ್ರೀ. ಡಬ್ಬದಿಂದ ಆಚೆಗೆ ತೆಗೆಯಕ್ಕೂ ನಮಗೆ ಭಯ."

ಆ ಮಧ್ಯಾಹ್ನವೇ ಹೋಗಿ ಡಬ್ಬ ಬಿಚ್ಚಿದೆ. ರಜ ಶುರುವಾಗಲು ಇನ್ನೂ ಹತ್ತು ದಿನವಿತ್ತು.

ಕೆಲಸ ಹೀಗಿತ್ತು. ಸಂಘಕ್ಕೆ ಒಂದು ಸಸಿಮಡಿ ಇತ್ತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸುತ್ತಿನ ತೋಟಗಳಲ್ಲಿ ಚೆನ್ನಾಗಿ ಕಾಯಿ ಹಿಡಿಯುವ ಮರಗಳನ್ನು ಗುರುತಿಸಿ, ಕಾಂಡಕ್ಕೆ ಬಿಳಿ ಬಣ್ಣದಲ್ಲಿ ನಂಬರು ಬರೆದು, ಅವುಗಳ ಕಾಯನ್ನು ಬಿತ್ತನೆಗೆ ತರುತ್ತಿದ್ದರು. ಒಂದು ಬೇಸಿಗೆಯಲ್ಲಿ ಹೂತ ಕಾಯಿ ಮುಂದಿನ ವರ್ಷದ ಮುಂಗಾರಿನ ಹೊತ್ತಿಗೆ ನೆಡುವ ಸಸಿಯಾಗುತ್ತಿತ್ತು. ಯಾವ ಮರದ ಕಾಯೋ ಆ ಮರದವರಿಗೆ ಮೊದಲು ನಾಲ್ಕು ಸಸಿ, ಮಿಕ್ಕದ್ದು ಬೇರೆಯವರಿಗೆ. ಇದು ಸಂಘದ ಕಟ್ಟಳೆ. ಇದಕ್ಕಾಗಿ ಹನ್ನೊಂದು ದಪ್ಪ ಪುಸ್ತಕಗಳಲ್ಲಿ ತೋಟ, ಸಾಲು, ಮರ, ಮರದ ಗೊನೆ, ಗೊನೆಯಲ್ಲಿ ಎಷ್ಟು ಕಾಯಿ ಎಂದೆಲ್ಲ ಬರೆದಿಟ್ಟಿದ್ದರು. ಆ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಿ, ಸಸಿ ಹಂಚುವ ದಿನಕ್ಕೆ ಪಟ್ಟಿ ತೆಗೆದುಕೊಡಬೇಕು.

ಬೇರೆ ಯಾರಾದರೂ ಆಗಿದ್ದರೆ ಸಾಲಾಗಿ ಹೆಸರು ತುಂಬಿಸಿ ಒಂದು ವಾರದಲ್ಲಿ ಮುಗಿಸಿಬಿಡುತ್ತಿದ್ದರು. ನನ್ನ ಸೀರೆಯ ಮಡಿಕೆಯಲ್ಲಿ ಹೊಸ ಭಾಷೆ ಕಾಯುತ್ತಿತ್ತಲ್ಲ! ಆ ಭಾಷೆಯಲ್ಲಿ ಪ್ರತಿ ವಸ್ತುವಿಗೂ ಒಂದು ಕ್ಲಾಸು ಬರೆಯಬಹುದು. ಮರ ಎಂದರೆ ಏನೇನು ಗೊತ್ತಿರಬೇಕು, ಅದರಿಂದ ಏನೇನು ಕೆಲಸ ಆಗಬೇಕು, ಎರಡನ್ನೂ ಒಂದೇ ಕಡೆ ಕಟ್ಟಿಡಬಹುದು. ಗೊನೆಗೊಂದು ಕ್ಲಾಸು, ಮರಕ್ಕೊಂದು, ಸಾಲಿಗೊಂದು, ತೋಟಕ್ಕೊಂದು. ಬರೆಯುತ್ತ ಹೋದಾಗ ಒಂದು ಸಂಗತಿ ಕಾಣಿಸಿತು. ತೋಟ ಸಾಲುಗಳನ್ನು ಇಟ್ಟುಕೊಳ್ಳುತ್ತದೆ, ಸಾಲು ಮರಗಳನ್ನು, ಮರ ಗೊನೆಗಳನ್ನು. ಸೇರಿಸು, ಹುಡುಕು, ಎಣಿಸು, ತೆಗೆ ಎಂಬ ಒಂದೇ ಕೆಲಸವನ್ನು ಮೂರು ಕಡೆ ಯಾಕೆ ಬರೆಯಬೇಕು? ಇಟ್ಟುಕೊಳ್ಳುವ ಕೆಲಸಕ್ಕೇ ಒಂದು ಕ್ಲಾಸು ಮಾಡಿದರಾಯಿತು. ಪುಸ್ತಕ ಅದನ್ನು ಕಂಟೇನರ್ ಕ್ಲಾಸ್ ಎನ್ನುತ್ತಿತ್ತು. ನಾನು ಮಂಕರಿ ಎಂದು ಹೆಸರಿಟ್ಟೆ. ಕಾಯಿ ಹೊರುವ ಬುಟ್ಟಿಗೆ ನಮ್ಮ ಕಡೆ ಅದೇ ಹೆಸರು. ತೋಟ ಒಂದು ಮಂಕರಿ, ಅದರೊಳಗಿನ ಸಾಲು ಒಂದು ಮಂಕರಿ, ಮರವೂ ಒಂದು ಮಂಕರಿ.

ಕಾಗದದ ಮೇಲೆ ಚೆಂದ ಕಂಡದ್ದು ಯಂತ್ರದಲ್ಲಿ ಸುಲಭವಾಗಲಿಲ್ಲ. ಹಾರ್ಡ್ ಡಿಸ್ಕ್ ಇಲ್ಲ, ಎರಡು ಫ್ಲಾಪಿ ಡ್ರೈವು. ಕಂಪೈಲರಿನ ಒಂದು ಫ್ಲಾಪಿ ತೆಗೆ, ಇನ್ನೊಂದು ಹಾಕು ಎಂದು ಒಮ್ಮೆ ಕಂಪೈಲ್ ಮಾಡಲು ಕಾಫಿ ಕುಡಿದು ಲೋಟ ತೊಳೆದಿಡುವಷ್ಟು ಹೊತ್ತು. ಮಧ್ಯಾಹ್ನ ಎರಡಕ್ಕೆ ಕರೆಂಟು ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹಾಗಾಗಿ ಬೆಳಿಗ್ಗೆ ಏಳಕ್ಕೇ ಸಂಘದ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಮೆಮೊರಿ ಎಷ್ಟು ಕಡಿಮೆ ಎಂದರೆ ನೂರಾರು ಮರ ತುಂಬುವಷ್ಟರಲ್ಲಿ ಯಂತ್ರ ಉಸಿರುಗಟ್ಟಿ ನಿಂತುಬಿಡುತ್ತಿತ್ತು. ಬೇಡವಾದದ್ದನ್ನು ಕೂಡಲೇ ಅಳಿಸಿ ಜಾಗ ಬಿಡಿಸದೆ ಗತ್ಯಂತರವಿರಲಿಲ್ಲ. ಅದಕ್ಕೆ ಮಂಕರಿಗೆ ಒಂದು ಗುಣ ಕೊಟ್ಟೆ: ಮಂಕರಿಯನ್ನು ಅಳಿಸಿದರೆ ಅದರೊಳಗಿರುವುದೆಲ್ಲ ತಾನಾಗಿ ಅಳಿಯಬೇಕು. ತೋಟ ಅಳಿಸಿದರೆ ಸಾಲು, ಸಾಲಿನ ಜೊತೆ ಮರ, ಮರದ ಜೊತೆ ಗೊನೆ. ಒಂದೇ ಸಾಲಿನ ಆಜ್ಞೆ, ಇಡೀ ತೋಟ ಚೊಕ್ಕಟ. ಅದು ಸರಿಯಾಗಿ ನಡೆದ ದಿನ ನಾನು ಕುರ್ಚಿಯಿಂದ ಎದ್ದು ಒಬ್ಬಳೇ ಆ ಕೋಣೆಯಲ್ಲಿ ಓಡಾಡಿದೆ. ನನ್ನನ್ನು ನಾನು ಅಷ್ಟೊಂದು ಮೆಚ್ಚಿಕೊಂಡ ದಿನಗಳು ಜೀವನದಲ್ಲಿ ಹೆಚ್ಚಿಲ್ಲ.

ಗೆದ್ದವಳಿಗೆ ಇನ್ನೊಂದು ಆಸೆ ಹುಟ್ಟಿತು. ಪರದೆಯ ಮೇಲೆ ತೋಟದ ಚಿತ್ರವೇ ಬರಬೇಕು. ಸಾಲುಸಾಲು ಹಸಿರು ಚುಕ್ಕಿ, ಒಂದೊಂದು ಚುಕ್ಕಿ ಒಂದು ಮರ. ಬಾಣದ ಕೀಲಿ ಒತ್ತಿ ಚುಕ್ಕಿಯ ಮೇಲೆ ನಿಂತರೆ ಪಕ್ಕದಲ್ಲಿ ಚೌಕವೊಂದು ತೆರೆದು ಮರದ ವಿವರ ತೋರಿಸಬೇಕು. ಚೌಕವೂ ಒಂದು ಮಂಕರಿಯೇ, ಅದರೊಳಗೆ ಹೆಸರಿನ ಪಟ್ಟಿ, ನಂಬರಿನ ಪಟ್ಟಿ. ಚೌಕ ಮುಚ್ಚಿದರೆ ಒಳಗಿನದೆಲ್ಲ ಅಳಿದು ಜಾಗ ತೆರವಾಗುತ್ತಿತ್ತು. ಇದನ್ನು ಕಂಡು ಕಾರ್ಯದರ್ಶಿಗಳ ಕಣ್ಣರಳಿತು.

"ಮುಂದಿನ ವಾರ ಬೆಂಗಳೂರಿಂದ ಸಾಹೇಬ್ರು ಬತ್ತಾವ್ರೆ ಮೇಡಂ. ಇದನ್ನ ತೋರ್ಸಿ. ಒಪ್ಪಿಗೆ ಆದ್ರೆ ಮಿಷನ್ನು ಇಲ್ಲೇ ಬುಟ್ಟು ಹೋಗ್ತಾರಂತೆ."

ಇಲ್ಲೇ ಬಿಟ್ಟು ಹೋಗುತ್ತಾರೆ! ಆ ಮಾತು ಕೇಳಿದ ಮೇಲೆ ನನಗೆ ಊಟ ರುಚಿಸಲಿಲ್ಲ.

ಸಸಿ ಹಂಚುವ ಪಟ್ಟಿಯನ್ನು ಅದಕ್ಕೂ ಮೊದಲೇ ಮುಗಿಸಿಬಿಟ್ಟರೆ ಚಿತ್ರದ ಕೆಲಸಕ್ಕೆ ಪೂರಾ ಬಿಡುವು ಎಂದು ಒಂದು ಬೆಳಿಗ್ಗೆ ಅದನ್ನು ಪ್ರಿಂಟ್ ಮಾಡಿದೆ. ಪ್ರಿಂಟರಿಗೆ ಕನ್ನಡ ಬರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲೇ ನಮ್ಮವರ ಹೆಸರುಗಳು ಗರಗರ ಹೊರಬಂದವು. ಸಸಿಮಡಿಯ ಮೇಸ್ತ್ರಿ ಪುಸ್ತಕದಲ್ಲಿದ್ದ ಮರಗಳನ್ನು ಎಣಿಸಿದ, ನಾನು ಪಟ್ಟಿಯ ಸಾಲುಗಳನ್ನು ಎಣಿಸಿದೆ. ಎರಡೂ ತಾಳೆಯಾದವು. ಪಟ್ಟಿಯನ್ನು ಸಂಘದ ಹಲಗೆಗೆ ಅಂಟಿಸಿದರು.

ಮೂರನೆಯ ದಿನ ಹತ್ತು ಗಂಟೆಯ ಬಿಸಿಲಲ್ಲಿ ಒಬ್ಬ ಹೆಂಗಸು ಬಂದರು. ಐವತ್ತು ದಾಟಿದವರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಒಂದು ವೈರ್ ಬ್ಯಾಗು. ದಂಡಿನಶಿವರದಿಂದ ಎರಡು ಬಸ್ಸು ಬದಲಿಸಿ ಬಂದಿದ್ದರಂತೆ. ತವರು ಬಿಳಿಗೆರೆಯ ಹತ್ತಿರ. ಕಾರ್ಯದರ್ಶಿಗಳು ಪಟ್ಟಿಯನ್ನು ಎರಡು ಸಲ ಮೇಲಿಂದ ಕೆಳಗೆ ಓದಿ ನೋಡಿ ಅವರನ್ನು ನನ್ನ ಮುಂದೆ ತಂದು ನಿಲ್ಲಿಸಿದರು.

"ನನ್ನ ಮರ ಇಲ್ವಂತಲ್ಲ ಕಣವ್ವ," ಎಂದರು ಆಕೆ.

"ಯಾವ ಮರ ಅಕ್ಕ?"

"ನೂರ ಹನ್ನೆರಡು. ನಮ್ಮಪ್ಪನ ತೋಟದ್ದು. ನನ್ನ ಧಾರೆ ಆದ ದಿವ್ಸ ನಮ್ಮಪ್ಪ ಕೈ ಹಿಡ್ಕೊಂಡು ಹೋಗಿ, ಇದು ನಿಂದು ಕಣೇ ಮಗ, ಅಂತ ತೋರ್ಸಿದ್ದ."

ನಮ್ಮ ಸೀಮೆಯ ಕೆಲವು ಮನೆಗಳಲ್ಲಿ ಆ ವಾಡಿಕೆ ಉಂಟು. ಮಗಳನ್ನು ಕೊಡುವಾಗ ತೋಟದ ಒಂದು ಮರವನ್ನು ಅವಳ ಹೆಸರಿಗೆ ಬಾಯಿಮಾತಿನಲ್ಲಿ ಬಿಟ್ಟುಕೊಡುತ್ತಾರೆ. ನೆಲ ಅಣ್ಣತಮ್ಮಂದಿರದು, ಮರ ಅವಳದು. ಆ ಮರದ ಕಾಯಿ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಗೌರಿಹಬ್ಬದ ಬಾಗಿನದ ಜೊತೆ, ಅವಳ ಮನೆಗೆ ಹೋಗುತ್ತದೆ. ಸಂಘದ ಪುಸ್ತಕದಲ್ಲಿ ಅದಕ್ಕೆಂದೇ ‘ಮರ ಯಾರದು’ ಎಂಬ ಕಾಲಂ ಇತ್ತು. ತೆಗೆದು ನೋಡಿದೆ. ನೂರ ಹನ್ನೆರಡರ ಮುಂದೆ ಆಕೆಯ ಹೆಸರೇ ಇತ್ತು. ಹೋದ ವರ್ಷ ಅದರ ಕಾಯನ್ನು ಬಿತ್ತನೆಗೆ ತಂದಿದ್ದೂ ಇತ್ತು. ಸಸಿಮಡಿಯಲ್ಲಿ ಆ ನಂಬರಿನ ಸಸಿಗಳು ಮೊಳಕಾಲುದ್ದ ನಿಂತಿದ್ದವು. ನನ್ನ ಪಟ್ಟಿಯಲ್ಲಿ ಮಾತ್ರ ಮರ ಇರಲಿಲ್ಲ.

"ಅಷ್ಟೇ ತಾನೆ? ತಳದಲ್ಲಿ ಪೆನ್ನಲ್ಲಿ ಬರೆದ್ಬುಡ್ತೀನಿ ತಕ್ಕಳಿ. ಸಸಿ ಕೊಡ್ತೀವಿ," ಎಂದರು ಕಾರ್ಯದರ್ಶಿಗಳು.

ಆಕೆ ಒಪ್ಪಲಿಲ್ಲ. "ಪೆನ್ನಲ್ಲಿ ಬರೆದಿದ್ದು ಮುಂದ್ಲೊರ್ಷ ಇರ್ತದಾ? ಸ್ವಾಮಿ, ಹೋದ ವರ್ಷ ನಮ್ಮಣ್ಣ ನಮ್ಮ ತಮ್ಮ ಪಾಲಾದ್ರು. ಅಣ್ಣ ಕಳಿಸ್ತಾನೆ ಅಂತ ತಮ್ಮ ಸುಮ್ಕಾದ, ತಮ್ಮ ಕಳಿಸ್ತಾನೆ ಅಂತ ಅಣ್ಣ ಸುಮ್ಕಾದ. ಗೌರಿಹಬ್ಬಕ್ಕೆ ಕಾಯೂ ಇಲ್ಲ, ಬಾಗಿನವೂ ಇಲ್ಲ. ಬಾ ಅಂತ ಒಂದು ಮಾತೂ ಇಲ್ಲ. ಈಗ ನಿಮ್ಮ ಮಿಷನ್ನೂ ಇಲ್ಲ ಅಂತದೆ." ಸೆರಗಿನಿಂದ ಮುಖ ಒರೆಸಿಕೊಂಡರು. "ಆ ಮರದ ಸಸಿ ಒಂದು ನನ್ನ ಹಿತ್ತಲಲ್ಲಿ ನೆಡಬೇಕು. ಆ ತೋಟದವಳು ಅಂತ ನನ್ನ ಹೆಸರು ಕರೆದು ಕೊಡ್ರಪ್ಪ. ಕದ್ದು ತಂದಂಗೆ ಬ್ಯಾಡ."

ಸಸಿ ಹಂಚುವ ದಿನಕ್ಕೆ ಎಂಟು ದಿನ ಬಾಕಿ. ಸಾಹೇಬರು ಬರುವುದಕ್ಕೆ ಐದು. ನೋಡುತ್ತೇನೆ ಅಕ್ಕ, ಎಂದೆ. ಆಕೆ ಹೋದ ಮೇಲೆ ನನಗೆ ಮೊದಲು ಬಂದದ್ದು ಕನಿಕರವಲ್ಲ, ಸಿಟ್ಟು. ಮೇಸ್ತ್ರಿ ಎಣಿಸಿದ್ದಾನೆ, ನಾನು ಎಣಿಸಿದ್ದೇನೆ, ಲೆಕ್ಕ ಸರಿಯಿದೆ. ಒಂದು ಮರ ಇಲ್ಲ ಎಂದಾದರೆ ಲೆಕ್ಕ ಸರಿ ಬಂದದ್ದು ಹೇಗೆ?

ಪಟ್ಟಿಯನ್ನು ಬೆರಳಿಟ್ಟು ಓದಿದೆ. ತುರುವೇಕೆರೆ ಕಡೆಯ ಬೆಳೆಗಾರರೊಬ್ಬರ ಒಂದೇ ಮರ ಎರಡು ಕಡೆ ಅಚ್ಚಾಗಿತ್ತು. ಕಳೆದುಹೋದ ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂತಿದ್ದರಿಂದ ಒಟ್ಟು ಲೆಕ್ಕ ತಪ್ಪಿರಲಿಲ್ಲ. ಆಮೇಲೆ ನೋಟ್‌ಬುಕ್ಕು ತೆಗೆದು ಹಳೆಯ ರೂಢಿಯಂತೆ ನಾನೇ ಕಂಪ್ಯೂಟರಾದೆ. ಬಲಪುಟದಲ್ಲಿ ಮೆಮೊರಿಯ ಮನೆಗಳನ್ನು ಚೌಕ ಚೌಕ ಬರೆದು ಪ್ರೋಗ್ರಾಮನ್ನು ಪೆನ್ಸಿಲ್ಲಿನಲ್ಲಿ ನಡೆಸಿದೆ.

ಅಣ್ಣತಮ್ಮ ಪಾಲಾದಾಗ ಒಂದು ತೋಟ ಎರಡಾಗಬೇಕು. ನನ್ನ ಪ್ರೋಗ್ರಾಂ ಎರಡು ಹೊಸ ತೋಟ ಹುಟ್ಟಿಸುತ್ತಿತ್ತು. ಅಣ್ಣನ ಹೆಸರಿನ ಮರಗಳನ್ನು ಹಳೆಯದರಿಂದ ಎತ್ತಿ ಒಂದಕ್ಕೆ ಹಾಕುತ್ತಿತ್ತು, ತಮ್ಮನವನ್ನು ಇನ್ನೊಂದಕ್ಕೆ. ಆಮೇಲೆ ಹಳೆಯ ತೋಟವನ್ನು ಅಳಿಸುತ್ತಿತ್ತು. ಹಳೆಯ ತೋಟದಲ್ಲಿ ಅಣ್ಣನದೂ ಅಲ್ಲದ ತಮ್ಮನದೂ ಅಲ್ಲದ ಒಂದು ಮರ ಉಳಿದಿತ್ತು. ಮಂಕರಿಯ ಗುಣವೇ ಅದಲ್ಲವೇ, ತಾನು ಹೋಗುವಾಗ ಒಳಗಿದ್ದದ್ದನ್ನೂ ಕರೆದುಕೊಂಡು ಹೋಯಿತು. ಆ ಮರವಿದ್ದ ಮೆಮೊರಿಯ ಜಾಗ ಖಾಲಿಯಾಯಿತು. ಮುಂದೆ ಓದಿಕೊಂಡ ತುರುವೇಕೆರೆಯ ತೋಟದ ಮೊದಲ ಮರ ಅಲ್ಲೇ ಬಂದು ಕೂತಿತು. ಯಾವ ಮರ ಮೆಮೊರಿಯ ಯಾವ ಮನೆಯಲ್ಲಿದೆ ಎಂದು ಮೊದಲೇ ಗುರುತಿಟ್ಟುಕೊಂಡಿದ್ದ ಬಿತ್ತನೆಯ ಪಟ್ಟಿ ಹಳೆಯ ವಿಳಾಸವನ್ನೇ ಹಿಡಿದು ಹೋಗಿ ಬಾಗಿಲು ತಟ್ಟಿದರೆ ಬೇರೆಯವರು ಓಗೊಟ್ಟಂತಾಯಿತು.

ಪೆನ್ಸಿಲ್ ಕೆಳಗಿಟ್ಟೆ. ಯಾವ ಗುಣವನ್ನು ಮೆಚ್ಚಿಕೊಂಡು ಕೋಣೆಯ ತುಂಬ ಓಡಾಡಿದ್ದೆನೋ ಅದೇ ಈ ಕೆಲಸ ಮಾಡಿತ್ತು.

ಕಾರ್ಯದರ್ಶಿಗಳಿಗೆ ವಿವರಿಸಿದೆ. ಅವರು ಕಾಫಿ ಆರಿಸಿಕೊಳ್ಳುತ್ತ, "ಅದಕ್ಯಾಕೆ ತಲೆ ಕೆಡಿಸ್ಕಂತೀರಿ? ಯಾರಿಗೂ ಸೇರದ್ದನ್ನ ದೊಡ್ಡೋನ ಪಾಲಿಗೆ ಹಾಕ್ಬುಡಿ ಅಂತ ಮಿಷನ್ನಿಗೆ ಹೇಳಿ," ಎಂದರು. ಎರಡು ಸಾಲಿನ ಕೆಲಸ, ಹತ್ತು ನಿಮಿಷ. ನನಗೂ ಅದೇ ಸರಿ ಎನಿಸಿತು. ಅದೇ ದಿನ ಆಕೆಯ ತಮ್ಮ ಗೊಬ್ಬರದ ಚೀಲ ಒಯ್ಯಲು ಸಂಘಕ್ಕೆ ಬಂದಿದ್ದ. ಮರ ಎಲ್ಲಿದೆ ಎಂದು ಕೇಳಿದೆ.

"ಬದಿನ ಮ್ಯಾಲೆ ಐತೆ ಮೇಡಂ, ಇಬ್ರ ಪಾಲಿನ ನಡೂಕೆ. ಅಣ್ಣನ ಕಡೆಗೆ ಬರ್ಕಳಿ, ನಂಗೇನು."

"ನಿಮ್ಮ ಅಣ್ಣನನ್ನು ಕೇಳಿದರೆ?"

"ಅವ್ನು ನನ್ನ ಕಡೆಗೆ ಬರ್ಕಳಿ ಅಂತಾನೆ." ಚೀಲವನ್ನು ಹೆಗಲಿಗೆ ಏರಿಸಿಕೊಂಡು ಎರಡು ಹೆಜ್ಜೆ ಹೋಗಿ ನಿಂತ. "ಅಕ್ಕ ಬಂದಿತ್ತಾ? ಎಂಗೈತೆ?"

"ಚೆನ್ನಾಗಿದ್ದಾರೆ. ನೀವೇ ಹೋಗಿ ನೋಡಬಹುದಲ್ಲ."

"ಹೋಗಬೇಕು," ಎಂದ. "ಹೋದ್ರೆ ಅಣ್ಣ ಏನಂದ್ಕತಾನೋ. ಅವ್ನೂ ಹಂಗೇ ಅಂದ್ಕಂಡು ಕುಂತವ್ನೆ ಏನೋ." ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಹೊರಟುಹೋದ.

ಮಧ್ಯಾಹ್ನ ಕರೆಂಟು ಇರಲಿಲ್ಲ. ಹನ್ನೊಂದು ಪುಸ್ತಕಗಳನ್ನೂ ಕೆಳಗೆ ಹಾಕಿಕೊಂಡು ‘ಮರ ಯಾರದು’ ಕಾಲಮ್ಮನ್ನು ಮೊದಲಿನಿಂದ ಓದಿದೆ. ಅರಳಗುಪ್ಪೆಯ ಒಂದು ತೋಟದಲ್ಲಿ ಒಬ್ಬ ಮಗಳು, ಚಿಕ್ಕನಾಯಕನಹಳ್ಳಿ ಕಡೆ ಇಬ್ಬರು ಅಕ್ಕತಂಗಿಯರು, ಒಂದು ಕಡೆ ಸೋದರತ್ತೆ. ಇಂಥ ಹದಿನಾರು ಮರ ಸಿಕ್ಕವು. ಅವು ನಿಂತಿದ್ದ ತೋಟಗಳು ಇನ್ನೂ ಪಾಲಾಗಿರಲಿಲ್ಲ. ಎಂದೋ ಒಂದು ದಿನ ಆಗುತ್ತವೆ. ಆ ದಿನ ಒಬ್ಬೊಬ್ಬರೂ ಎರಡು ಬಸ್ಸು ಬದಲಿಸಿ ಬಂದು ಈ ಮೇಜಿನ ಮುಂದೆ ನಿಲ್ಲಬೇಕಾಗುತ್ತದೆ. ಎರಡು ಸಾಲಿನ ತೇಪೆಯಲ್ಲಿ ಅವರೆಲ್ಲ ದೊಡ್ಡೋನ ಪಾಲಿನ ಸಾಮಾನಾಗಿಬಿಡುತ್ತಿದ್ದರು.

ತಪ್ಪು ಪಾಲಿನ ಲೆಕ್ಕದಲ್ಲಿರಲಿಲ್ಲ. ಅದು ನಾನು ಮಂಕರಿಯ ಬಗ್ಗೆ ಯೋಚಿಸಿದ ರೀತಿಯಲ್ಲೇ ಇತ್ತು. ಮರ ಬಿದ್ದರೆ ಗೊನೆ ಬೀಳುತ್ತದೆ. ಗೊನೆಗೆ ಮರ ಬಿಟ್ಟರೆ ಬೇರೆ ದಿಕ್ಕಿಲ್ಲ. ತೋಟ ಒಡೆದರೆ ಮರ ಬೀಳಬೇಕಾಗಿಲ್ಲ. ನಾನು ಎರಡಕ್ಕೂ ಒಂದೇ ನ್ಯಾಯ ಹಚ್ಚಿದ್ದೆ. ಒಳಗಿಟ್ಟುಕೊಂಡವರೆಲ್ಲ ಯಜಮಾನರು ಎಂದು ತಿಳಿದಿದ್ದೆ. ಸರಿಯಾಗಿ ಮಾಡಬೇಕಾದರೆ ಮಂಕರಿ ಎರಡು ಬಗೆಯದಾಗಬೇಕು. ಒಂದು, ಒಳಗಿನದರ ಹುಟ್ಟುಸಾವು ತನ್ನದೇ ಎನ್ನುವಂಥದ್ದು. ಇನ್ನೊಂದು, ಬರೀ ಹೊರುವಂಥದ್ದು. ತಾನು ಹೋದರೂ ಹೊತ್ತದ್ದಕ್ಕೆ ಕೈ ಹಚ್ಚದ್ದು. ಮರಗಳೆಲ್ಲ ಒಂದು ದೊಡ್ಡ ರಿಜಿಸ್ಟರಿನ ಸ್ವತ್ತು. ತೋಟಗಳು ಅವನ್ನು ಬರೀ ಹೊರುತ್ತವೆ.

ಹೇಳಲು ಮೂರು ಮಾತು, ಮಾಡಲು ಬುಡವನ್ನೇ ಅಗೆಯಬೇಕು. ಮಂಕರಿ ಎಲ್ಲದರ ತಳದಲ್ಲಿತ್ತು. ನನ್ನ ಪ್ರೀತಿಯ ತೋಟದ ಚಿತ್ರ ಪೂರ್ತಿ ಅದರ ಹಳೆಯ ಗುಣವನ್ನೇ ನಂಬಿ ನಿಂತಿತ್ತು. ತಳ ಬದಲಿಸಿದರೆ ಚಿತ್ರದ ಪ್ರತಿ ಚೌಕವನ್ನೂ ಮತ್ತೆ ನೋಡಬೇಕು. ಇಲ್ಲವಾದರೆ ಮುಚ್ಚಿದ ಚೌಕಗಳು ಅಳಿಯದೆ ಮೆಮೊರಿ ತುಂಬಿ ಯಂತ್ರ ನಿಲ್ಲುತ್ತದೆ. ಐದು ದಿನದಲ್ಲಿ, ಬೆಳಗಿನ ಕರೆಂಟಿನಲ್ಲಿ, ಎರಡೂ ಆಗುವ ಮಾತಲ್ಲ.

ನಾನು ದೊಡ್ಡ ಮನಸ್ಸಿನವಳು ಎಂದು ತೋರಿಸಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಆ ಸಂಜೆ ಮನೆಗೆ ನಡೆದು ಹೋಗುವಾಗ ಆಕೆ ಬರದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದೇ ಅಂದುಕೊಂಡೆ. ಯಂತ್ರ ಉಳಿದರೆ ಮುಂದಿನ ತಿಂಗಳು ನಿಧಾನವಾಗಿ ಸರಿಮಾಡಬಹುದಲ್ಲ ಎಂದು ಮನಸ್ಸು ವಕಾಲತ್ತು ಮಾಡಿತು. ಆದರೆ ಸಸಿ ಹಂಚುವುದು ಈ ತಿಂಗಳು. ಆಕೆ ಕೇಳಿದ್ದು ಕರೆದು ಕೊಡಿ ಎಂದು. ತವರನ್ನು ಹಾಗೆ ಹಂಬಲಿಸುವುದು ನನಗೆ ತಿಳಿಯದ್ದೇನಲ್ಲ. ಒಂದು ವರ್ಷ ಬೀರು ತೆಗೆದು ಫ್ಲಾಪಿ ಮುಟ್ಟಿ ನೋಡಿದವಳು ನಾನು. ಬೇಕಾದದ್ದು ಕೈಗೆಟುಕುವಂತೆ ಇದ್ದೂ ತನ್ನದಲ್ಲ ಎನ್ನಿಸಿಕೊಳ್ಳುವುದು ಎಂಥದೆಂದು ಗೊತ್ತಿತ್ತು. ಮರುದಿನ ಏಳಕ್ಕೆ ಹೋದವಳೇ ಚಿತ್ರದ ಫ್ಲಾಪಿಯನ್ನು ತೆಗೆದು ಪಕ್ಕಕ್ಕಿಟ್ಟು ಮಂಕರಿಯ ಫೈಲನ್ನು ತೆರೆದೆ.

ಮೊದಲ ದಿನ ಎರಡು ಬಗೆಯ ಮಂಕರಿ ಬರೆದು ಮುಗಿಸಿದೆ. ಎರಡನೆಯ ದಿನ ನಡೆಸಿದರೆ ಯಂತ್ರ ಅರ್ಧಕ್ಕೆ ನಿಂತಿತು. ಈಗ ಯಾರೂ ಏನನ್ನೂ ಅಳಿಸುತ್ತಿರಲಿಲ್ಲ. ಹಳೆಯ ತೋಟಗಳ ಸಾಲುಗಳು ಪಾಳುಬಿದ್ದು ಜಾಗ ತಿನ್ನುತ್ತಿದ್ದವು. ತೋಟ ಸಾಲುಗಳಿಗೆ ಯಜಮಾನ, ಸಾಲು ಮಾತ್ರ ಮರವನ್ನು ಹೊರುವಂಥದ್ದು ಎಂದು ತಿದ್ದಿದೆ. ಮೂರನೆಯ ದಿನ ಇನ್ನೊಂದು ತೊಡಕು. ಮರವನ್ನು ರಿಜಿಸ್ಟರಿನಿಂದಲೇ ತೆಗೆದರೆ ಅದನ್ನು ಹೊತ್ತ ತೋಟಕ್ಕೆ ಸುದ್ದಿ ಮುಟ್ಟಬೇಕು. ಇಲ್ಲದಿದ್ದರೆ ಮತ್ತೆ ಅದೇ ಕಥೆ, ಇಲ್ಲದವರ ಬಾಗಿಲು ತಟ್ಟುವುದು. ಅದಕ್ಕೆ ಪ್ರತಿ ಮರಕ್ಕೂ ತನ್ನನ್ನು ಯಾರ್‍ಯಾರು ಹೊತ್ತಿದ್ದಾರೆಂಬ ಚಿಕ್ಕ ಪಟ್ಟಿ ಕೊಟ್ಟೆ. ಹೋಗುವ ಮುಂಚೆ ಮರವೇ ಅವರಿಗೆಲ್ಲ ಹೇಳಿ ಹೋಗಬೇಕು.

ಅದನ್ನು ಬರೆಯುವಾಗ ಕೈ ತಡೆಯಿತು. ಯಾರ್‍ಯಾರು ಎಂದು ಬರೆದಿದ್ದೆ. ಬರೀ ಹೊರುವ ಮಂಕರಿಗೆ ಯಜಮಾನಿಕೆ ಇಲ್ಲ ಎಂದ ಮೇಲೆ ಒಂದು ಮರವನ್ನು ಒಬ್ಬರೇ ಹೊರಬೇಕೆಂದು ಏನಿದೆ? ಬದುವಿನ ಮೇಲಿನ ಮರ ಅಣ್ಣನ ತೋಟದಲ್ಲೂ ಇರಬಹುದು, ತಮ್ಮನ ತೋಟದಲ್ಲೂ ಇರಬಹುದು. ಮರ ಒಂದೇ, ಹೆಸರು ಒಂದೇ. ಪಟ್ಟಿಯನ್ನು ತೋಟವಾರು ಪ್ರಿಂಟ್ ಮಾಡುವ ಹಾಗೆ ಬದಲಿಸಿ ನೂರ ಹನ್ನೆರಡನ್ನು ಎರಡೂ ಕಡೆ ಸೇರಿಸಿದೆ. ನಾಲ್ಕನೆಯ ದಿನ ಹನ್ನೆರಡೂವರೆಗೆ ಹೊಸ ಪಟ್ಟಿ ಹೊರಬಂತು. ಈ ಸಲ ಎಣಿಸಲಿಲ್ಲ. ನಾನು ಮತ್ತು ಮೇಸ್ತ್ರಿ ಒಂದೊಂದು ಹೆಸರನ್ನೂ ಪುಸ್ತಕದ ಜೊತೆ ಓದಿ ಗುರುತು ಹಾಕಿದೆವು.

ಸಾಹೇಬರು ಜೀಪಿನಲ್ಲಿ ಬಂದರು. ಒಳ್ಳೆಯ ಮನುಷ್ಯರೇ. ಎಳನೀರು ಕುಡಿದು, ಪಟ್ಟಿ ನೋಡಿ, "ತೋಟದ ಚಿತ್ರ ಏನೋ ಬರುತ್ತೆ ಅಂದಿದ್ರಲ್ಲ?" ಎಂದರು. ಸದ್ಯಕ್ಕೆ ನಡೆಯುತ್ತಿಲ್ಲ ಎಂದೆ. ಅಳಿಸುವುದು, ಹೊರುವುದು ಎಂದೆಲ್ಲ ಹೇಳಲು ಶುರುಮಾಡಿದೆ. ಅವರ ಕಣ್ಣು ಗಡಿಯಾರದ ಮೇಲೆ ಹೋಯಿತು. ಪಟ್ಟಿಯನ್ನು ಟೈಪ್ ಮಾಡಿಯೂ ತೆಗೆಯಬಹುದಲ್ಲ ಎಂದು ಮೆಲ್ಲಗೆ ಹೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು, ಕೇಳುವ ವ್ಯವಧಾನ ಅವರಿಗಿರಲಿಲ್ಲ. ಎರಡು ದಿನ ಬಿಟ್ಟು ಬುಧವಾರ ಇಬ್ಬರು ಬಂದು ಕಂಪ್ಯೂಟರನ್ನು ಅದೇ ಡಬ್ಬದಲ್ಲಿ ತುಂಬಿ ಹುರಿ ಕಟ್ಟಿದರು. ಕಾರ್ಯದರ್ಶಿಗಳು ನನ್ನ ಮುಖ ನೋಡಲಿಲ್ಲ. ಜೀಪು ಸಂತೆಬೀದಿಯ ತಿರುವು ದಾಟುವವರೆಗೂ ನಾನು ಬಾಗಿಲಲ್ಲಿ ನಿಂತಿದ್ದೆ. ಆಮೇಲೆ ಒಳಗೆ ಬಂದು ಖಾಲಿ ಮೇಜಿನ ಧೂಳು ಒರೆಸಿದೆ. ಅತ್ತೆನೆಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ಬಹಳ ವರ್ಷ ಆದ ಮೇಲೆ ನನಗೆ ಒಳ್ಳೊಳ್ಳೆಯ ಯಂತ್ರಗಳು ಸಿಕ್ಕವು. ಹಸಿರು ಅಕ್ಷರದ ಆ ಪರದೆಗಾಗಿ ಇವತ್ತಿಗೂ ಒಮ್ಮೊಮ್ಮೆ ಜೀವ ಮಿಡುಕುತ್ತದೆ.

ಮರುದಿನ ಸಸಿ ಹಂಚಿಕೆ. ಹಿಂದಿನ ರಾತ್ರಿ ಒಂದು ಹದ ಮಳೆಯಾಗಿತ್ತು. ಸಂಘದ ಅಂಗಳದಲ್ಲಿ ಎತ್ತಿನಗಾಡಿ, ಸೈಕಲ್ಲು, ಜನ. ಮೇಸ್ತ್ರಿ ಸಸಿಗಳನ್ನು ನಂಬರುವಾರು ಸಾಲಾಗಿ ಇಟ್ಟುಕೊಂಡಿದ್ದ. ಕಾರ್ಯದರ್ಶಿಗಳು ಮೇಜಿನ ಹಿಂದೆ ನಿಂತು ತೋಟವಾರು ಕೂಗಿ ಕರೆಯುತ್ತಿದ್ದರು. ಅಣ್ಣ ಬಂದು ಹುಣಸೆಮರದ ಈ ಬದಿಗೆ ನಿಂತಿದ್ದ, ತಮ್ಮ ಆ ಬದಿಗೆ. ದಂಡಿನಶಿವರದ ಅಕ್ಕ ಗೋಡೆಯ ನೆರಳಲ್ಲಿ ಕೂತಿದ್ದರು. ಮೂವರೂ ಮಾತಾಡಿದ್ದು ನಾನು ಕಾಣೆ.

ಅಣ್ಣನ ತೋಟ ಬಂತು. ಅವನ ಮರಗಳಾದ ಮೇಲೆ, "ನೂರ ಹನ್ನೆರಡು," ಎಂದು ಕಾರ್ಯದರ್ಶಿಗಳು ಆಕೆಯ ಹೆಸರು ಹಿಡಿದು ಕರೆದರು. ಆಕೆ ಎದ್ದು ಬಂದು ನಾಲ್ಕು ಸಸಿಗಳನ್ನು ಒಂದೊಂದಾಗಿ ಎರಡೂ ಕೈಯಲ್ಲಿ ಇಸಿದುಕೊಂಡು ಹೋಗಿ ನೆರಳಲ್ಲಿ ಇಟ್ಟರು. ಮತ್ತೆ ನಾಲ್ಕಾರು ಹೆಸರು ದಾಟಿ ತಮ್ಮನ ತೋಟ ಬಂತು. ಕಾರ್ಯದರ್ಶಿಗಳು ಓದುವ ಭರದಲ್ಲಿ ಅದೇ ಹೆಸರನ್ನು ಮತ್ತೆ ಗಟ್ಟಿಯಾಗಿ ಕೂಗಿಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಇದೇನ್ ಮೇಡಂ, ಎರಡು ಕಿತ ಬಂದೈತಲ್ಲ. ತಪ್ಪಾಗೈತಾ?" ಎಂದರು.

"ತಪ್ಪಾಗಿಲ್ಲ. ಎರಡೂ ತೋಟದಲ್ಲಿ ಇದ್ದಾರೆ," ಎಂದೆ.

ಅಷ್ಟರಲ್ಲಿ ಆಕೆ ಮೊಣಕಾಲಿಗೆ ಕೈಯೂರಿ ಎದ್ದು ಮತ್ತೆ ಮೇಜಿನ ತನಕ ನಡೆದು ಬಂದಿದ್ದರು. ಮೇಸ್ತ್ರಿ, "ನಿಂದಾಯ್ತಲ್ಲವ್ವ. ಸಸಿ ಕೊಟ್ಟಾಯ್ತು," ಎಂದ.

ಆಕೆ ಮೊದಲು ಅಣ್ಣನ ಕಡೆ ನೋಡಿದರು, ಆಮೇಲೆ ತಮ್ಮನ ಕಡೆ.

"ಸಸಿ ಬ್ಯಾಡ ಕಣಪ್ಪ," ಎಂದರು. "ಕರೆದ್ರಲ್ಲ, ಅದಕ್ಕೆ ಬಂದೆ."